ದೀಪ ಹಚ್ಚೋ ಹೊತ್ತಿಗೆ ಮನೆ ಸೇರಿದರೆ ಸಾಕಿತ್ತು: ಆ ಬಾಲ್ಯ ನಮ್ಮ ಮಕ್ಕಳಿಗೆ ಯಾಕೆ ಸಿಗುತ್ತಿಲ್ಲ?

ಹಳೇ ಸೈಕಲ್:

ಮಗಳಿಗೆ 9 ತುಂಬಿತು. ದೊಡ್ಡವರು ಜೊತೆಗಿಲ್ಲದೆ ಅವಳು ಇವತ್ತಿನವರೆಗೂ ಗೇಟು ದಾಟಿದವಳಲ್ಲ. ಶಾಲೆಗೆ ವ್ಯಾನು, ಆಮೇಲೆ ಡ್ಯಾನ್ಸ್ ಕ್ಲಾಸು, ಈಜು ಕ್ಲಾಸು, ಆಟಕ್ಕೂ ಒಂದು ಕ್ಲಾಸು. ಎಲ್ಲ ಕಡೆಯೂ ಯಾರೋ ಒಬ್ಬ ದೊಡ್ಡವರು ನಿಂತು ನೋಡುತ್ತಿರುತ್ತಾರೆ. ಅದೇ ವಯಸ್ಸಿನಲ್ಲಿ ನಾನು ಶಾಲೆಯ ಚೀಲ ಮೂಲೆಗೆ ಎಸೆದು ಹೊರಟರೆ, ದೀಪ ಹಚ್ಚೋ ಹೊತ್ತಿನವರೆಗೆ ಎಲ್ಲಿದ್ದೇನೆ ಅನ್ನೋದು ಮನೆಯವರಿಗೆ ಗೊತ್ತಿರುತ್ತಿರಲಿಲ್ಲ. ಅವರು ಕೇಳುತ್ತಲೂ ಇರಲಿಲ್ಲ.

ಆಟಕ್ಕಿಂತ ಆಟ ಶುರುವಾಗೋ ಮುಂಚಿನ ಜಗಳವೇ ನನಗೆ ಹೆಚ್ಚು ನೆನಪಿದೆ. ತಂಡ ಆರಿಸೋರು ಯಾರು, ಗೆರೆ ಎಲ್ಲಿಗೆ, ಗೆರೆ ತುಳಿದರೆ ಔಟೋ ಅಲ್ಲವೋ. ಅದರಲ್ಲೇ ಅರ್ಧ ಸಂಜೆ ಕಳೆದುಹೋಗುತ್ತಿತ್ತು. ಯಾರದೋ ತಮ್ಮ ಅಳುತ್ತಾ ಬಂದರೆ ಅವನನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಅಂತ ಸೇರಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಅವನು ಮನೆಗೆ ಹೋಗಿ ದೂರು ಹೇಳುತ್ತಾನೆ, ಆಟ ಅಲ್ಲಿಗೆ ನಿಲ್ಲುತ್ತದೆ. ಸಿಟ್ಟು ಮಾಡಿಕೊಂಡು ಹೋದವನು ಮರುದಿನ ತಾನಾಗಿಯೇ ಬರುತ್ತಿದ್ದ. ಚೆಂಡು ಅವನದಾಗಿದ್ದರೆ ಅವತ್ತೇ ಹೋಗಿ ಕರೆದುಕೊಂಡು ಬರುತ್ತಿದ್ದೆವು.

ಹೊರಗಿನ ಅಪಾಯ ನಿಜಕ್ಕೂ ಹೆಚ್ಚಾಗಿದೆಯಾ ಅಥವಾ ನಮ್ಮ ಭಯ ಹೆಚ್ಚಾಗಿದೆಯಾ? ಈ ವಿಷಯ ಓದುತ್ತಾ ಹೋದಾಗ ಒಂದು ಲೆಕ್ಕ ಸಿಕ್ಕಿತು, ತಲೆಯಿಂದ ಹೋಗುತ್ತಿಲ್ಲ. ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಎಂಬ ಸಂಶೋಧಕರು ಮತ್ತು ಸಂಗಡಿಗರು ಸಮೀಕ್ಷೆ ಮಾಡಿದ್ದರು. 1971ರಲ್ಲಿ 7–8 ವರ್ಷದ ಮಕ್ಕಳಲ್ಲಿ ಶೇ 80ರಷ್ಟು ಜನ ದೊಡ್ಡವರ ಜೊತೆಯಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಶೇ 9. ಒಂದು ತಲೆಮಾರು ಕಳೆಯೋದರೊಳಗೆ ಇಷ್ಟು! ಇದಕ್ಕೆ ಮನೆ ಮಟ್ಟದಲ್ಲಿ ಏನಾದರೂ ಮಾಡಿದವರಿದ್ದರೆ ದಯವಿಟ್ಟು ಬರೆಯಿರಿ. ‘ನಮ್ಮ ಕಾಲವೇ ಚೆನ್ನಾಗಿತ್ತು’ ಅನ್ನೋ ಮಾತನ್ನು ನಾನೇ ಬೇಕಾದಷ್ಟು ಆಡಿಕೊಂಡಿದ್ದೇನೆ. ಅದರಿಂದ ಮಗಳಿಗೆ ಏನೂ ಸಿಕ್ಕಿಲ್ಲ.

ಮೂರನೇ ಮಹಡಿ:

ಎಲ್ಲದಕ್ಕೂ ಮೊಬೈಲೇ ಕಾರಣ ಸರ್. ಕೈಯಿಂದ ತೆಗೆದಿಟ್ಟು ನೋಡಿ. ಎರಡು ದಿನ ಅಳ್ತಾರೆ, ಮೂರನೇ ದಿನ ತಾವಾಗೇ ಹೊರಗೆ ಓಡ್ತಾರೆ.

ಕಿಟಕಿ ಪಕ್ಕ:

ಮೂರನೇ ಮಹಡಿ ಅವರೇ, ಸೈಕಲ್ ಸರ್ ಕೊಟ್ಟ ಲೆಕ್ಕದ ಇಸವಿ ಒಮ್ಮೆ ನೋಡಿ. 1990ರಲ್ಲಿ ಮಕ್ಕಳ ಕೈಲಿ ಮೊಬೈಲ್ ಎಲ್ಲಿತ್ತು? ಮಕ್ಕಳು ಬೀದಿ ಬಿಟ್ಟು ಒಳಗೆ ಸೇರಿ ಎಷ್ಟೋ ವರ್ಷದ ಮೇಲೆ ಫೋನು ಬಂತು, ಆಗಲೇ ಖಾಲಿಯಾಗಿದ್ದ ಜಾಗದಲ್ಲಿ ಕೂತಿತು.

ಹಿಲ್‌ಮನ್ ತಂಡ ಬೆರಳು ತೋರಿಸಿದ್ದು ವಾಹನಗಳ ಕಡೆಗೆ. ಆ ಎರಡು ದಶಕದಲ್ಲಿ ರಸ್ತೆ ಅಪಘಾತದಲ್ಲಿ ಸಾಯುವ ಮಕ್ಕಳ ಸಂಖ್ಯೆ ಇಳಿದಿತ್ತು. ಅದನ್ನು ತೋರಿಸಿ ‘ನೋಡಿ, ರಸ್ತೆ ಸುರಕ್ಷಿತವಾಗಿದೆ’ ಎನ್ನುವವರಿದ್ದರು. ರಸ್ತೆಯನ್ನು ಯಾರೂ ಸರಿಮಾಡಲಿಲ್ಲ, ಮಕ್ಕಳನ್ನೇ ರಸ್ತೆಯಿಂದ ಎತ್ತಿಬಿಟ್ಟಿದ್ದೇವೆ ಅನ್ನೋದು ಹಿಲ್‌ಮನ್ ವಾದ. ನಾನು ಆಡಿದ ಬೀದಿ ಇವತ್ತಿಗೂ ಅಷ್ಟೇ ಅಗಲ ಇದೆ. ಎರಡೂ ಬದಿಗೆ ಕಾರು ನಿಂತ ಮೇಲೆ ನಡುವೆ ಒಂದು ಗಾಡಿ ಹೋಗುವಷ್ಟು ಜಾಗ ಉಳಿಯುತ್ತದೆ. ಕುಂಟೆಬಿಲ್ಲೆಯ ಗೆರೆಯನ್ನು ಎಲ್ಲಿ ಎಳೆಯಬೇಕು ಹೇಳಿ.

ಮೂರನೇ ಮಹಡಿ:

ಮೊದಲ ಕಾರಣ ಅದೇ ಇರಬಹುದು, ಒಪ್ಪಿದೆ. ಇವತ್ತು ಒಳಗೆ ಕಟ್ಟಿಹಾಕಿರೋದು ಮಾತ್ರ ಫೋನೇ. 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಕ್ಕಳಿಗೆ ದಿನಕ್ಕೆ 60 ನಿಮಿಷ ಮೈ ದಣಿಸೋದೂ ಆಗ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಪ್ರಕಟಿಸಿದ್ದರು. ನಮ್ಮನೇಲಿರೋ ಇಬ್ಬರೂ ಆ ಲೆಕ್ಕದಲ್ಲೇ ಬರ್ತಾರೆ.

ಮಕ್ಕಳ ವಾರ್ಡ್:

ನಾನು ಮಕ್ಕಳ ವಾರ್ಡಿನಲ್ಲಿ ನರ್ಸ್. ಇಂಥ ಚರ್ಚೆ ಎಲ್ಲೇ ನಡೆದರೂ ಯಾರಾದರೊಬ್ಬರು ‘ನಾವೆಲ್ಲ ಹಾಗೇ ಬೆಳೆದೆವು, ಏನಾಯ್ತು?’ ಅನ್ನುತ್ತಾರೆ. ಏನಾದರೂ ಆದವರು ಇಲ್ಲಿಗೆ ಬಂದು ಬರೆಯಲಾರರು. ಆ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಡುತ್ತಿದ್ದೇನೆ.

1990ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಪ್ರತಿ 1,000 ಮಕ್ಕಳಲ್ಲಿ 93 ಮಕ್ಕಳು 5 ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2022ಕ್ಕೆ ಅದು 37ಕ್ಕೆ ಇಳಿದಿದೆ. ಲಸಿಕೆ, ಶುದ್ಧ ನೀರು, ಭೇದಿಗೆ ಕೊಡುವ ಓಆರ್‌ಎಸ್, ಸುರಕ್ಷಿತ ಹೆರಿಗೆ, ಇವೆಲ್ಲ ಸೇರಿ ಆದ ಕೆಲಸ ಅದು. ಮಕ್ಕಳನ್ನು ಮನೆಯೊಳಗೆ ಕೂರಿಸಿದ್ದರಿಂದ ಆದದ್ದಲ್ಲ. ಹಾಗಾಗಿ ಹಳೆಯ ಕಾಲವನ್ನು ಇಡಿಯಾಗಿ ಹೊಗಳುವುದೂ ಬೇಡ, ಇವತ್ತಿನ ಎಲ್ಲ ಕಾವಲಿಗೂ ಸುರಕ್ಷತೆ ಎಂಬ ಹೆಸರು ಕೊಡುವುದೂ ಬೇಡ.

ನಿಜವಾಗಿ ಹೆದರಬೇಕಾದ್ದು ಯಾವುದಕ್ಕೆ ಅಂದರೆ, ಒಂದು ವಾಹನ, ಇನ್ನೊಂದು ನೀರು. ಜಗತ್ತಿನಾದ್ಯಂತ 5ರಿಂದ 29 ವರ್ಷದವರ ಸಾವಿಗೆ ಮೊದಲನೇ ಕಾರಣ ರಸ್ತೆ ಅಪಘಾತ. ನೀರಿನಲ್ಲಿ ಮುಳುಗಿ ವರ್ಷಕ್ಕೆ ಸುಮಾರು 3 ಲಕ್ಷ ಜನ ಸಾಯುತ್ತಾರೆ, ಅವರಲ್ಲಿ ಹೆಚ್ಚುಕಡಿಮೆ ಕಾಲು ಭಾಗ 5 ವರ್ಷದೊಳಗಿನ ಮಕ್ಕಳು. ಎರಡು ವರ್ಷದ ಮಗುವಿಗೆ ಬಕೆಟ್ ನೀರೂ ಸಾಕು. ಆದರೆ ತಂದೆತಾಯಿಗಳ ಮಾತಿನಲ್ಲಿ ಇವೆರಡಕ್ಕಿಂತ ಹೆಚ್ಚು ಕೇಳಿಬರೋದು ‘ಯಾರಾದರೂ ಎತ್ತಿಕೊಂಡು ಹೋದರೆ?’ ಅನ್ನೋ ಭಯ. ಗುರುತಿಲ್ಲದವರು ಮಗುವನ್ನು ಹೊತ್ತೊಯ್ಯುವುದು ಇವೆರಡಕ್ಕೆ ಹೋಲಿಸಿದರೆ ತೀರಾ ಅಪರೂಪ. ಆದರೆ ಅಂಥ ಒಂದು ಸುದ್ದಿ ವಾರಗಟ್ಟಲೆ ಟೀವಿಯಲ್ಲಿ ಬರುತ್ತದೆ, ಗುಂಪುಗಳಲ್ಲಿ ಹತ್ತು ಸಲ ಫಾರ್ವರ್ಡ್ ಆಗುತ್ತದೆ. ಪ್ರತಿ ಸಲ ಓದಿದಾಗಲೂ ಹೊಸ ಘಟನೆಯೇ ನಡೆದಂತೆ ಎದೆ ಹೊಡೆದುಕೊಳ್ಳುತ್ತದೆ.

ಒಳಗೆ ಕೂರಿಸುವುದಕ್ಕೂ ಒಂದು ಬೆಲೆ ಇದೆ, ಅದು ಕೂಡಲೇ ಕಾಣುವುದಿಲ್ಲ ಅಷ್ಟೆ. ಚೀನಾದ ಗುವಾಂಗ್‌ಝೌನಲ್ಲಿ 1ನೇ ತರಗತಿಯ ಮಕ್ಕಳಿಗೆ ಶಾಲೆಯಲ್ಲೇ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಬಯಲಿನಲ್ಲಿ ಇರುವಂತೆ ಮಾಡಿ 3 ವರ್ಷ ಗಮನಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಗುಂಪಿನಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಶೇ 30.4, ಉಳಿದವರಲ್ಲಿ ಶೇ 39.5. ಔಷಧ ಇಲ್ಲ, ಯಂತ್ರ ಇಲ್ಲ, ಹಗಲಿನ ಬೆಳಕು ಮಾತ್ರ.

ಗುಬ್ಬಿಗೂಡು:

ಸಿಸ್ಟರ್ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಇಲ್ಲಿ ಯಾರ ಮನಸ್ಸಿಗೂ ನೋವಾಗದಿರಲಿ, ಆದರೆ ಹೇಳದೆ ಇರಲಾರೆ.

ಸೈಕಲ್ ಅವರು ಬರೆದ ಸಂಜೆಗಳು ನಮ್ಮ ಬೀದಿಯಲ್ಲೂ ಇದ್ದವು. ನಾನು ಅವನ್ನು ಹೊಸ್ತಿಲ ಮೇಲೆ ನಿಂತು ನೋಡಿದ್ದೇನೆ, ಸೊಂಟದ ಮೇಲೆ ತಮ್ಮನನ್ನು ಕೂರಿಸಿಕೊಂಡು. ಅಣ್ಣ ಚೀಲ ಎಸೆದು ಓಡುತ್ತಿದ್ದ. ಆ ಚೀಲ ಎತ್ತಿಡುತ್ತಿದ್ದವಳು ನಾನು. ಹತ್ತು ದಾಟಿದ ಮೇಲಂತೂ ‘ಹೆಣ್ಣುಮಗಳು, ಹೊತ್ತು ಮುಳುಗೋ ಹೊತ್ತಲ್ಲಿ ಹೊರಗೇನು ಕೆಲಸ’ ಅನ್ನೋದು ಶುರುವಾಯಿತು. ಚಿಂತೆಯಿಲ್ಲದ ಬಾಲ್ಯ ಅಂತ ಗಂಡಸರು ಬರೆದಾಗ, ಆ ಚಿಂತೆಯನ್ನು ಅವರ ಅಕ್ಕತಂಗಿಯರು ಹೊತ್ತುಕೊಂಡಿದ್ದರು ಅನ್ನೋದೂ ಒಂದು ಸಾಲು ಇರಲಿ.

ಎರಡನೇ ವಿಷಯ. ಮಕ್ಕಳ ಮೈಮೇಲೆ ಕೈಹಾಕುವವರಲ್ಲಿ ಹೆಚ್ಚಿನವರು ಮಗುವಿಗೆ ಗೊತ್ತಿದ್ದವರೇ. ಮನೆಗೆ ಬಂದುಹೋಗುವವರು, ಎಲ್ಲರೂ ಗೌರವಿಸುವವರು. ನನಗೆ ಅದು ಗೊತ್ತು. ಆಗ ಯಾರ ಹತ್ತಿರ ಹೇಳುವುದು? ಹೇಳುವುದಕ್ಕೆ ನನ್ನ ಬಾಯಲ್ಲಿ ಮಾತೇ ಇರಲಿಲ್ಲ, ಕೇಳಿಸಿಕೊಳ್ಳುವ ಅಭ್ಯಾಸ ದೊಡ್ಡವರಿಗೆ ಇರಲಿಲ್ಲ. ಹೊಡೆತ ತಿನ್ನೋದು ಎಷ್ಟು ಸಾಮಾನ್ಯವಾಗಿತ್ತು ಅಂದರೆ, ಏನಾದರೂ ಆದರೆ ಮೊದಲು ಬರುತ್ತಿದ್ದ ಯೋಚನೆ ‘ಮನೆಯಲ್ಲಿ ಬೈತಾರೆ’ ಅನ್ನೋದು. ಮಕ್ಕಳನ್ನು ಹೊಡೆಯಬಾರದು ಅಂತ ಸ್ವೀಡನ್ 1979ರಲ್ಲಿ ಕಾನೂನು ಮಾಡಿತು, ಮನೆಯೊಳಗೂ ಹೊಡೆಯುವ ಹಾಗಿಲ್ಲ ಅಂದ ಮೊದಲ ದೇಶ ಅದು. ಅಷ್ಟು ತಡವಾಗಿ ಜಗತ್ತಿಗೆ ಆ ಯೋಚನೆ ಬಂದಿದೆ.

ಇವತ್ತಿನ ತಂದೆತಾಯಿ ಮಗುವಿನ ಮುಖ ನೋಡಿ ‘ಏನಾಯ್ತು’ ಅಂತ ಕೇಳುತ್ತಾರೆ. ನನ್ನ ಮಗಳಿಗೆ ಅವಳ ದೇಹದ ಪ್ರತಿ ಭಾಗದ ಹೆಸರೂ ಗೊತ್ತು, ಯಾರಿಗೆ ಬೇಕಾದರೂ ‘ಬೇಡ’ ಅನ್ನಬಹುದು ಅನ್ನೋದೂ ಗೊತ್ತು. ಇದನ್ನು ಅತಿ ಜೋಪಾನ ಅಂತ ಯಾರಾದರೂ ಕರೆದರೆ ನಾನು ಒಪ್ಪೋದಿಲ್ಲ. ಅವಳು ಹೊರಗೆ ಹೋಗಲಿ, ಮರ ಹತ್ತಲಿ, ಬೀಳಲಿ. ಕೇಳುವವರು ಇಲ್ಲದ ಬಾಲ್ಯ ಮಾತ್ರ ಅವಳಿಗೆ ಬೇಡ.

ಹಳೇ ಸೈಕಲ್:

ಅಕ್ಕಾ, ಇದನ್ನು ಇಲ್ಲಿ ಬರೆದಿದ್ದಕ್ಕೆ ಕೈಮುಗಿಯುತ್ತೇನೆ. ರಾತ್ರಿ ಹೆಂಡತಿಗೂ ಓದಿ ಹೇಳಿದೆ. ಅವಳು ಸುಮಾರು ಹೊತ್ತು ಮಾತಾಡಲಿಲ್ಲ, ಆಮೇಲೆ ‘ನನ್ನದೂ ಇದೇ’ ಅಂದಳು.

ಸಂಜೆ ಮೇಷ್ಟ್ರು:

ಶಿಕ್ಷಕ ವೃತ್ತಿಯಿಂದ ನಿವೃತ್ತನಾದವನು ನಾನು. ಆಟದ ಬಯಲನ್ನು ದಶಕಗಳ ಕಾಲ ಒಂದೇ ಮೂಲೆಯಲ್ಲಿ ನಿಂತು ನೋಡಿದ್ದೇನೆ. ನನ್ನ ಕಣ್ಣಿಗೆ ಬಿದ್ದ ದೊಡ್ಡ ಬದಲಾವಣೆಯೊಂದನ್ನು ಹೇಳುತ್ತೇನೆ. ಮೊದಲು ಮಕ್ಕಳಲ್ಲಿ ಜಗಳವಾದರೆ ಸದ್ದು ಏರುತ್ತಿತ್ತು, ಏರಿ ಇಳಿಯುತ್ತಿತ್ತು, ಆಟ ಮುಂದುವರಿಯುತ್ತಿತ್ತು. ನಾನು ಕೊನೆಕೊನೆಗೆ ನೋಡಿದ ಮಕ್ಕಳು ಜಗಳವಾದ ಮರುಕ್ಷಣವೇ ಆಟ ನಿಲ್ಲಿಸಿ ನನ್ನ ಕಡೆಗೆ ತಿರುಗುತ್ತಿದ್ದರು. ಔಟೋ ಅಲ್ಲವೋ ನಾನು ಹೇಳಬೇಕು. ನಾನು ಸುಮ್ಮನಿದ್ದರೆ ಅವರೂ ಸುಮ್ಮನೆ ನಿಂತಿರುತ್ತಿದ್ದರು. ಒಳ್ಳೆಯ ಮಕ್ಕಳೇ, ಬುದ್ಧಿವಂತರೇ. ತಮ್ಮ ತಗಾದೆಯನ್ನು ತಾವೇ ಬಗೆಹರಿಸಿಕೊಳ್ಳಬಹುದು ಎಂಬುದು ಅವರ ಅನುಭವಕ್ಕೆ ಬಂದಿರಲಿಲ್ಲ, ಅಷ್ಟೆ. ಹುಟ್ಟಿದಾಗಿನಿಂದ ಎಲ್ಲ ಆಟಕ್ಕೂ ಸೀಟಿ ಹಿಡಿದ ಒಬ್ಬರು ಇದ್ದೇ ಇರುತ್ತಿದ್ದರಲ್ಲ.

ಆಟ ನಿಲ್ಲಬಾರದು ಎಂಬ ಆಸೆಯೇ ಮಕ್ಕಳಿಗೆ ರಾಜಿ ಕಲಿಸುತ್ತದೆ. ಸೋತವನನ್ನು ತೀರಾ ಗೋಳುಹೊಯ್ದುಕೊಂಡರೆ ನಾಳೆ ಅವನು ಬರುವುದಿಲ್ಲ, ಇಬ್ಬರೇ ಉಳಿದರೆ ಆಟವಿಲ್ಲ. ಈ ಲೆಕ್ಕವನ್ನು ಯಾವ ಪಾಠದಲ್ಲೂ ನಾನು ಕಲಿಸಲಾರೆ.

ಅಪಾಯದ ವಿಚಾರಕ್ಕೆ ಬಂದರೆ, ನಾರ್ವೆಯ ಎಲ್ಲೆನ್ ಸ್ಯಾಂಡ್‌ಸೆಟರ್ ಎಂಬ ಸಂಶೋಧಕಿ ಮಕ್ಕಳು ತಾವಾಗಿ ಹುಡುಕಿಕೊಂಡು ಹೋಗುವ ‘ಎದೆ ಝಲ್ಲೆನ್ನುವ’ ಆಟಗಳನ್ನು 2007ರಲ್ಲಿ 6 ಬಗೆಯಾಗಿ ವಿಂಗಡಿಸಿದರು. ಎತ್ತರ, ವೇಗ, ಹರಿತವಾದ ಸಲಕರಣೆ, ಬೆಂಕಿ ಅಥವಾ ಆಳವಾದ ನೀರಿನ ಸಮೀಪ, ಕುಸ್ತಿಯಂಥ ಗುದ್ದಾಟ, ಮತ್ತು ದೊಡ್ಡವರ ಕಣ್ಣಿಗೆ ಬೀಳದೆ ತಾವಾಗಿ ಅಲೆಯುವುದು. ಕೊನೆಯದನ್ನು ಗಮನಿಸಿ. ಇವತ್ತಿನ ಮಗುವಿಗೆ ಪಾರ್ಕಿನ ಜಾರುಬಂಡೆಯಲ್ಲಿ ಎತ್ತರ ಸಿಗಬಹುದು, ಸೈಕಲ್ಲಿನಲ್ಲಿ ವೇಗ ಸಿಗಬಹುದು. ಯಾರೂ ನೋಡದೆ ಇರುವ ಒಂದು ಗಂಟೆ ಎಲ್ಲಿ ಸಿಗುತ್ತದೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಪೀಟರ್ ಗ್ರೇ 2011ರ ಲೇಖನವೊಂದರಲ್ಲಿ, ಮಕ್ಕಳ ಸ್ವಂತ ಆಟ ದಶಕಗಳಿಂದ ಇಳಿಯುತ್ತಾ ಬಂದಿರುವುದಕ್ಕೂ ಅದೇ ಅವಧಿಯಲ್ಲಿ ಅವರ ಆತಂಕ, ಖಿನ್ನತೆ ಏರುತ್ತಾ ಬಂದಿರುವುದಕ್ಕೂ ಸಂಬಂಧ ಇದೆ ಎಂದು ವಾದಿಸಿದರು. ಎರಡು ಗೆರೆ ಒಟ್ಟಿಗೆ ಹೋದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಸಿದ್ಧವಾಗುವುದಿಲ್ಲ. ಪರೀಕ್ಷೆಯ ಒತ್ತಡ, ಮನೆಯ ಪರಿಸ್ಥಿತಿ ಎಲ್ಲವೂ ಆ ಅವಧಿಯಲ್ಲಿ ಬದಲಾಗಿವೆ. ಆದರೂ ನಾನು ಬಯಲಿನಲ್ಲಿ ಕಂಡದ್ದು ಅವರ ಮಾತಿಗೆ ಹತ್ತಿರವಾಗಿದೆ, ಅಷ್ಟನ್ನು ಧೈರ್ಯವಾಗಿ ಹೇಳುತ್ತೇನೆ.

ಒಂಟಿ ಬಸ್ಸು:

ನಂಗೆ ಈಗ 22. ನೀವೆಲ್ಲ ಯಾರ ಬಗ್ಗೆ ಮಾತಾಡ್ತಿದ್ದೀರೋ ಆ ಮಗು ನಾನೇ, ಬೆಳೆದು ದೊಡ್ಡವಳಾಗಿದ್ದೀನಿ. ಅದಕ್ಕೆ ಬರೀತಿದ್ದೀನಿ.

ಕಾಲೇಜು ಸೇರೋವರೆಗೂ ನನ್ನನ್ನ ಬಿಡೋಕೆ, ಕರ್ಕೊಂಡು ಬರೋಕೆ ಯಾರಾದ್ರೂ ಇರ್ತಿದ್ರು. ಫೋನಲ್ಲಿ ಲೊಕೇಶನ್ ಯಾವಾಗ್ಲೂ ಆನ್. ಒಂದಿನ ಬೇರೆ ಬಸ್ ಹತ್ತಿಬಿಟ್ಟೆ, ಗೊತ್ತಾಗೋ ಹೊತ್ತಿಗೆ ಫೋನು ಆಫ್ ಆಗಿತ್ತು. ಹಗಲು ಹೊತ್ತು, ಸುತ್ತ ಜನ, ಪಕ್ಕದ ಸೀಟಲ್ಲಿ ನಮ್ಮಮ್ಮನ ವಯಸ್ಸಿನವರು ಕೂತಿದ್ರು. ‘ಆಂಟಿ, ಈ ಬಸ್ ಎಲ್ಲಿಗೆ ಹೋಗುತ್ತೆ?’ ಅಂತ ಕೇಳಿದ್ರೆ ಮುಗೀತಿತ್ತು. ಕೇಳೋಕೆ ಆಗ್ಲಿಲ್ಲ. ಗಂಟಲು ಒಣಗಿತ್ತು, ಕೈ ನಡುಗ್ತಿತ್ತು. ಬಸ್ಸು ಕೊನೇ ಸ್ಟಾಪಿಗೆ ಹೋಗಿ ನಿಂತ್ಕೊಂಡ ಮೇಲೆ ಕಂಡಕ್ಟರೇ ಬಂದು ಎಲ್ಲಿಗಮ್ಮಾ ಅಂತ ಕೇಳಿದ್ದು.

ಅಲ್ಲಿ ಅಪಾಯ ಏನೂ ಇರ್ಲಿಲ್ಲ. ಅಷ್ಟು ಸಣ್ಣ ವಿಷಯಕ್ಕೆ ನಾನು ಯಾಕೆ ಹಾಗಾದೆ ಅಂತ ತುಂಬಾ ಯೋಚನೆ ಮಾಡಿದ್ದೀನಿ. 8 ವರ್ಷಕ್ಕೆ ಎರಡು ತಿರುವು ಆಚೆ ದಾರಿ ತಪ್ಪಿಸಿಕೊಂಡು, ಯಾರನ್ನೋ ಕೇಳಿ ಮನೆಗೆ ಬಂದಿದ್ರೆ ಇದು ಆಗ್ತಿರ್ಲಿಲ್ಲ ಅನ್ಸುತ್ತೆ. ಈಜೋಕೆ ಕಲೀದೇ ಇರೋರನ್ನ ಒಂದೇ ಸಲ ನಡುನೀರಿಗೆ ಬಿಟ್ಟ ಹಾಗೆ, 18 ತುಂಬಿದ ದಿನ ‘ಇನ್ಮೇಲೆ ನಿಂದು ನೀನು ನೋಡ್ಕೋ’ ಅಂದ್ಬಿಡ್ತಾರೆ.

ಅಮ್ಮನ ಮೇಲೆ ನಂಗೆ ಸಿಟ್ಟಿಲ್ಲ, ದಯವಿಟ್ಟು ಹಾಗೆ ಓದ್ಕೋಬೇಡಿ. ಅವರು ನನ್ನನ್ನ ಕಾಯೋಕೆ ತಮ್ಮ ಎಷ್ಟೋ ಸಂಜೆಗಳನ್ನ ಕೊಟ್ಟಿದ್ದಾರೆ.

ಕಿಟಕಿ ಪಕ್ಕ:

ಓದಿ ಹೊಟ್ಟೆ ಚುರ್ ಅಂತು ಪುಟ್ಟಾ. ಬರೆದಿದ್ದು ಒಳ್ಳೆಯದಾಯಿತು.

ಎರಡನೇ ಪಾಳಿ:

ಎಲ್ಲರ ಮಾತೂ ಸರಿ. ಆದರೆ ಒಂದು ಸಂಗತಿ ಎಲ್ಲರ ಕಣ್ಣು ತಪ್ಪಿದೆ ಅನಿಸುತ್ತದೆ. ನಾನು ಮಗನಿಗೆ ಆ ಸ್ವಾತಂತ್ರ್ಯ ಕೊಟ್ಟೆ. ‘ಹೋಗು, ಆಡು, ಕತ್ತಲಾಗೋದರೊಳಗೆ ಬಾ’ ಅಂತ ಬಾಗಿಲು ತೆಗೆದೆ. ಸ್ವಲ್ಪ ಹೊತ್ತಿಗೇ ವಾಪಸ್ ಬಂದ. ‘ಅಪ್ಪಾ, ಯಾರೂ ಇಲ್ಲ’ ಅಂದ. ನಿಜವಾಗಿಯೂ ಯಾರೂ ಇರಲಿಲ್ಲ. ಖಾಲಿ ಬೀದಿಯಲ್ಲಿ ಒಬ್ಬನೇ ಹುಡುಗ ಏನು ಮಾಡಬೇಕು?

ನಮಗೆ ಬಾಲ್ಯದಲ್ಲಿ ಸ್ವಾತಂತ್ರ್ಯ ಕೊಟ್ಟವರು ನಮ್ಮ ಅಪ್ಪ ಅಮ್ಮ ಅಂತ ಅಂದುಕೊಂಡಿದ್ದೇವೆ. ಅವರು ಬಾಗಿಲು ತೆಗೆದಿಟ್ಟರು, ಅಷ್ಟೇ. ಬಾಗಿಲಿನಾಚೆ ಇದ್ದದ್ದು ಬೀದಿ ತುಂಬ ಮಕ್ಕಳು. 1960ರ ದಶಕದಲ್ಲಿ ಜಗತ್ತಿನ ಸರಾಸರಿ ತೆಗೆದರೆ ಒಬ್ಬ ಹೆಂಗಸಿಗೆ 5 ಮಕ್ಕಳ ಆಸುಪಾಸು, ಈಗ 2.3ರ ಆಸುಪಾಸು. ಅಣ್ಣನ ಹಿಂದೆ ತಮ್ಮ, ತಮ್ಮನ ಹಿಂದೆ ಪಕ್ಕದ ಮನೆಯವಳು, ಹೀಗೆ ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದರು. ಅದರ ಸುತ್ತ ಜಗುಲಿ ಮೇಲೆ ಕೂತವರು, ಬಟ್ಟೆ ಒಣಹಾಕುವವರು, ಸುಮ್ಮನೆ ಬಾಗಿಲಲ್ಲಿ ನಿಂತವರು. ನಾನು ಬಿದ್ದರೆ ಎತ್ತುತ್ತಿದ್ದವರು ಯಾರೋ, ಮನೆಗೆ ಸುದ್ದಿ ಮುಟ್ಟಿಸುತ್ತಿದ್ದವರು ಇನ್ಯಾರೋ. ‘ನಮ್ಮನ್ನು ಯಾರೂ ಕೇಳುತ್ತಿರಲಿಲ್ಲ’ ಅನ್ನುತ್ತೇವಲ್ಲ, ಇಡೀ ಬೀದಿಯೇ ನಮ್ಮನ್ನು ನೋಡುತ್ತಿತ್ತು. ಎಲ್ಲರೂ ಸ್ವಲ್ಪಸ್ವಲ್ಪ ನೋಡುತ್ತಿದ್ದರಿಂದ ಯಾರೂ ಪೂರ್ತಿಯಾಗಿ ಕಾವಲು ಕೂರಬೇಕಾಗಿರಲಿಲ್ಲ.

ಈಗ ಅದಷ್ಟೂ ಕೆಲಸ ಇಬ್ಬರ ತಲೆ ಮೇಲೆ ಬಿದ್ದಿದೆ, ಎಷ್ಟೋ ಮನೆಗಳಲ್ಲಿ ಒಬ್ಬರ ತಲೆ ಮೇಲೆ. ಕೆಲಸ ಮುಗಿಸಿ ಬಂದ ಅವರು ಮಗುವನ್ನು ಒಳಗೆ ಕೂರಿಸಿದರೆ ನಾನು ದೂರಲಾರೆ. ಒಂದೇ ಮನೆಯವರು ಧೈರ್ಯ ಮಾಡಿ ಇದನ್ನು ಸರಿಮಾಡಲು ಆಗೋದಿಲ್ಲ. ನಾಲ್ಕು ಮನೆಯವರು ಒಟ್ಟಿಗೆ ಧೈರ್ಯ ಮಾಡಬೇಕು.

ನೀಲಿ ಛತ್ರಿ:

ಎರಡನೇ ಪಾಳಿ ಅವರೇ, ಸರಿಯಾದ ಜಾಗಕ್ಕೆ ಕೈಯಿಟ್ಟಿರಿ. ನಾನು ಮಗಳನ್ನು ಎದುರಿನ ರಸ್ತೆಗೆ ಒಬ್ಬಳನ್ನೇ ಕಳಿಸಿದಾಗ ನನ್ನ ಎದೆ ಹೊಡೆದುಕೊಂಡದ್ದು ಅವಳಿಗೇನಾಗುತ್ತದೋ ಅಂತಲ್ಲ, ನೋಡಿದವರು ಏನಂತಾರೋ ಅಂತ. ‘ಎಂಥ ತಾಯಿ, ಮಗೂನ ಒಂಟಿಯಾಗಿ ಬಿಟ್ಟಿದ್ದಾಳೆ’ ಅಂತ ಹಿಂದಿನಿಂದ ಕೇಳಿಸಿತು ಕೂಡ. ‘ಎಂಥ ತಂದೆ’ ಅಂತ ಯಾರೂ ಅನ್ನೋದಿಲ್ಲ, ಅದು ಬೇರೆ.

ಇದು ಎಲ್ಲ ಕಡೆ ಇರೋದೇ. ನ್ಯೂಯಾರ್ಕಿನಲ್ಲಿ ಲೆನೋರ್ ಸ್ಕನೇಜಿ ಎಂಬ ಪತ್ರಕರ್ತೆ 9 ವರ್ಷದ ಮಗನನ್ನು ಒಬ್ಬನೇ ಮೆಟ್ರೋದಲ್ಲಿ ಮನೆಗೆ ಬರಲು ಬಿಟ್ಟು, 2008ರಲ್ಲಿ ಅದರ ಬಗ್ಗೆ ಬರೆದರು. ಹುಡುಗ ಖುಷಿಯಾಗಿ ಮನೆ ಸೇರಿದ್ದ. ತಾಯಿಯನ್ನು ಮಾತ್ರ ಟೀವಿಯಲ್ಲೆಲ್ಲ ಕೂರಿಸಿ ವಿಚಾರಿಸಿದರು. ಕೊನೆಗೆ 2018ರಲ್ಲಿ ಅಮೆರಿಕದ ಯೂಟಾ ರಾಜ್ಯ, ವಯಸ್ಸಿಗೆ ತಕ್ಕ ತಿಳಿವಳಿಕೆ ಇರುವ ಮಗು ನಡೆದು ಶಾಲೆಗೆ ಹೋದರೆ, ಹೊರಗೆ ಆಡಿದರೆ ಅದು ಪೋಷಕರ ನಿರ್ಲಕ್ಷ್ಯ ಅಲ್ಲ ಅಂತ ಕಾನೂನಿನಲ್ಲೇ ಬರೆಯಬೇಕಾಯಿತು. ಮಗು ಆಟ ಆಡೋದು ಹಕ್ಕು ಅಂತ ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಹೇಳುತ್ತದೆ. ಆ ಹಕ್ಕನ್ನು ಮೊದಲು ಒಪ್ಪಬೇಕಾದವರು ಪಕ್ಕದ ಮನೆಯವರು.

ಸಂಜೆ ಮೇಷ್ಟ್ರು:

ನಾಲ್ಕು ಮನೆ ಎಂಬ ಮಾತಿಗೆ ಒಂದು ಹಳೆಯ ಉದಾಹರಣೆ. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಕೋಪನ್‌ಹೇಗನ್ನಿನ ಎಮ್‌ಡ್ರಪ್‌ನಲ್ಲಿ ಒಂದು ಆಟದ ಬಯಲು ತೆರೆಯಿತು. ಅದರ ಹಿಂದಿದ್ದವರು ಸೋರೆನ್ಸನ್ ಎಂಬ ಉದ್ಯಾನ ವಿನ್ಯಾಸಕರು. ತಾವು ರೂಪಿಸಿದ ಅಚ್ಚುಕಟ್ಟಾದ ಜಾಗಗಳಿಗಿಂತ, ಕಟ್ಟಡ ಕಟ್ಟುವ ಜಾಗದಲ್ಲಿ ಬಿದ್ದ ಹಲಗೆ, ಇಟ್ಟಿಗೆಗಳ ನಡುವೆ ಮಕ್ಕಳು ಹೆಚ್ಚು ಮೈಮರೆತು ಆಡುವುದನ್ನು ಅವರು ಗಮನಿಸಿದ್ದರು. ಆ ಬಯಲಿನಲ್ಲಿ ಒಬ್ಬ ದೊಡ್ಡವರು ಇರುತ್ತಿದ್ದರು. ಸಲಕರಣೆ ಕೊಡುವುದು, ಕೇಳಿದರೆ ನೆರವಾಗುವುದು ಅವರ ಕೆಲಸ. ಏನು ಕಟ್ಟಬೇಕು, ಹೇಗೆ ಆಡಬೇಕು ಎಂದು ಅವರು ಹೇಳುತ್ತಿರಲಿಲ್ಲ. ಗುಬ್ಬಿಗೂಡು ಅವರು ಕೇಳಿದ್ದು, ಒಂಟಿ ಬಸ್ಸು ಕೇಳಿದ್ದು ಎರಡೂ ಅಲ್ಲಿತ್ತು ಎನಿಸುತ್ತದೆ. ದೊಡ್ಡವರೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ ಇದ್ದಾರೆ, ಆದರೆ ಆಟದೊಳಗೆ ಇಲ್ಲ.

ಹಳೇ ಸೈಕಲ್:

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಕಾರಣ ಇದೆ. ಎರಡನೇ ಪಾಳಿ ಅವರ ಮಾತು, ಮೇಷ್ಟ್ರ ಎಮ್‌ಡ್ರಪ್ ಎರಡನ್ನೂ ಹಿಡಿದುಕೊಂಡು ಅಕ್ಕಪಕ್ಕದ ನಾಲ್ಕಾರು ಮನೆಯವರ ಹತ್ತಿರ ಮಾತಾಡಿದೆ. ಎಲ್ಲರೂ ತಾವೊಬ್ಬರೇ ಹೀಗೆ ಯೋಚಿಸುತ್ತಿದ್ದೇವೆ ಅಂದುಕೊಂಡಿದ್ದರು! ವಾರಕ್ಕೆ ಒಂದು ಸಂಜೆ ಯಾವ ಕ್ಲಾಸೂ ಬೇಡ ಅಂತ ಒಪ್ಪಿಕೊಂಡೆವು. ಆ ಹೊತ್ತಿಗೆ ರಸ್ತೆಯ ಒಂದು ತುದಿಯ ಕಾರುಗಳನ್ನು ಅದರ ಮಾಲೀಕರೇ ಬೇರೆ ಕಡೆ ನಿಲ್ಲಿಸುತ್ತಾರೆ. ದೊಡ್ಡವರೊಬ್ಬರು ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂರುತ್ತಾರೆ, ಸರದಿ ಪ್ರಕಾರ. ರಕ್ತ ಬಂದರೆ ಏಳಬೇಕು, ಗಾಡಿ ಬಂದರೆ ಏಳಬೇಕು, ಮಗು ತಾನಾಗಿ ಬಂದು ಏನಾದರೂ ಹೇಳಿದರೆ ಪೂರ್ತಿ ಕೇಳಿಸಿಕೊಳ್ಳಬೇಕು. ಬೇರೆ ಯಾವುದಕ್ಕೂ ಏಳುವ ಹಾಗಿಲ್ಲ. ಮೂರನೆಯದನ್ನು ಸೇರಿಸಿದ್ದು ನನ್ನ ಹೆಂಡತಿ, ಗುಬ್ಬಿಗೂಡು ಅಕ್ಕನ ಬರಹ ಓದಿದ ಮೇಲೆ. ಗಂಡು ಹೆಣ್ಣು ಎಲ್ಲರೂ ಹೊರಗೆ, ತಮ್ಮ ತಂಗಿಯರನ್ನು ನೋಡಿಕೊಳ್ಳೋ ಕೆಲಸ ಅವತ್ತು ದೊಡ್ಡವರದು ಅನ್ನೋದೂ ಅವಳದೇ ಷರತ್ತು.

ಮೊದಲ ಸಂಜೆ ನೋಡಲು ಕಷ್ಟವಾಯಿತು. ಮಕ್ಕಳು ಸಾಲಾಗಿ ನಿಂತು ‘ಅಂಕಲ್, ಏನು ಆಡಬೇಕು?’ ಅಂತ ಕೇಳಿದರು. ಮೆಟ್ಟಿಲ ಮೇಲಿದ್ದವರು ‘ಗೊತ್ತಿಲ್ಲಪ್ಪ’ ಅಂದು ಪುಟ ತಿರುಗಿಸಿದರು. ಸುಮಾರು ಹೊತ್ತು ಬೇಜಾರು, ಕಲ್ಲು ಒದೆಯೋದು, ‘ಮನೆಗೆ ಹೋಗ್ತೀನಿ’ ಅನ್ನೋದು. ಆಮೇಲೆ ಯಾರೋ ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಗೆರೆ ಎಳೆದರು. ಗೆರೆ ವಕ್ರವಾಗಿದೆ ಅಂತ ಇನ್ನೊಬ್ಬಳು ಅಳಿಸಿದಳು. ಜಗಳ ಶುರುವಾಯಿತು. ನನ್ನ ಮಗಳು ಅತ್ತುಕೊಂಡು ಮೆಟ್ಟಿಲವರೆಗೂ ಬಂದಳು, ಇವರು ಕೇಳಿಸಿಕೊಂಡರು, ‘ಹೌದಾ’ ಅಂದರು, ತೀರ್ಪು ಕೊಡಲಿಲ್ಲ. ಮುಖ ಒರೆಸಿಕೊಂಡು ವಾಪಸ್ ಹೋದಳು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಕತ್ತಲಾಗಿ ಕರೆದಾಗ ‘ಇನ್ನೊಂದೇ ಆಟ’ ಅಂತ ಕೂಗಿದವರಲ್ಲಿ ಅವಳೂ ಇದ್ದಳು.

ಮೂರನೇ ಮಹಡಿ:

ಫೋನು ಕೇಳಲಿಲ್ವಾ ಸರ್?

ಹಳೇ ಸೈಕಲ್:

ಮೊದಮೊದಲು ಕೇಳಿದರು. ಜೊತೆಗೆ ಆಡುವವರು ಹೊರಗೆ ಕಾಯುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಆ ಸಂಜೆಯ ಮಟ್ಟಿಗೆ ಕೇಳುತ್ತಿಲ್ಲ. ಉಳಿದ ದಿನ ಮೊದಲಿನ ಹಾಗೇ ಇದೆ.

ಸದ್ದಿಲ್ಲದ ಮನೆ:

ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ. ಇಂಥ ಚರ್ಚೆ ಓದುವಾಗ ‘ಇದು ನಮಗಲ್ಲ’ ಅಂತ ಮುಂದೆ ಹೋಗುತ್ತಿದ್ದೆ. ಈ ಸಲ ಸೈಕಲ್ ಅವರು ಬರೆದದ್ದನ್ನು ನಮ್ಮ ಕಟ್ಟಡದವರಿಗೆ ತೋರಿಸಿ ಕೆಳಗೆ ಕಳಿಸಿದೆ. ಕಣ್ಣಾಮುಚ್ಚಾಲೆ ಆಡುತ್ತಿದ್ದರು. ಎಣಿಸಿ ಮುಗಿದಾಗ ಕೂಗುವ ಕೂಗು ಇವನಿಗೆ ಕೇಳಿಸದು, ಹಾಗಾಗಿ ಪ್ರತಿ ಸಲ ಮೊದಲು ಸಿಕ್ಕಿಬೀಳುತ್ತಿದ್ದವನು ಇವನೇ. ನಾನು ಕಿಟಕಿಯಲ್ಲಿ ನಿಂತು, ಇಳಿದು ಹೋಗಿ ಹೇಳಿಬಿಡಲಾ ಅಂತ ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ತನ್ನ ಕೆಂಪು ಸ್ವೆಟರ್ ಬಿಚ್ಚಿ ಎಣಿಸುವವನ ಕೈಗೆ ಕೊಟ್ಟಳು. ಎಣಿಸಿ ಮುಗಿದ ಮೇಲೆ ಕೂಗಬಾರದು, ಸ್ವೆಟರನ್ನು ತಲೆಮೇಲೆ ಎತ್ತಿ ಬೀಸಬೇಕು. ಅಡಗಿದವರೆಲ್ಲ ಅದು ಕಾಣುವ ಜಾಗದಲ್ಲೇ ಅಡಗಬೇಕು ಅಂತ ಕಾನೂನಾಯಿತು. ಅದರಿಂದ ಅಡಗೋದು ಎಲ್ಲರಿಗೂ ಕಷ್ಟವಾಯಿತು, ಆಟಕ್ಕೆ ರಂಗೇರಿತು. ನಾನು ಇಳಿದು ಹೋಗಿದ್ದರೆ ‘ಪಾಪ, ಅವನನ್ನು ಬಿಟ್ಟುಬಿಡಿ’ ಅಂತಿದ್ದೆ. ಆಗ ಅವರು ಅವನನ್ನು ಆಟದಿಂದಲೇ ಬಿಟ್ಟುಬಿಡುತ್ತಿದ್ದರು.

ಗುಬ್ಬಿಗೂಡು:

ಆ ಸ್ವೆಟರ್ ಹುಡುಗಿಗೆ ನನ್ನ ಕಡೆಯಿಂದ ಒಂದು ಮುತ್ತು ಕೊಡಿ.

ನೀಲಿ ಛತ್ರಿ:

ಸಿಸ್ಟರ್, ನಿಮಗೊಂದು ಪ್ರಶ್ನೆ. ನಮ್ಮ ಮಕ್ಕಳು ಆಟಕ್ಕೆ ಸೇರಬೇಕಾದರೆ ಒಂದು ರಸ್ತೆ ದಾಟಲೇಬೇಕು. 8 ವರ್ಷದವಳಿಗೆ ಹೇಗೆ ಕಲಿಸೋದು? ಕೈ ಹಿಡಿದು ದಾಟಿಸಿದ್ದು ಬಿಟ್ಟರೆ ನನಗೇನೂ ಗೊತ್ತಿಲ್ಲ.

ಮಕ್ಕಳ ವಾರ್ಡ್:

ಕೈ ಹಿಡಿದು ದಾಟಿಸುವಾಗ ಮಗು ರಸ್ತೆ ನೋಡುವುದಿಲ್ಲ, ನಮ್ಮ ಕೈಯನ್ನು ನಂಬಿರುತ್ತದೆ. ಅದಕ್ಕೇ ಮಗುವನ್ನು ಮುಂದೆ ಬಿಟ್ಟು, ನೀವು ತೋಳಳತೆಯಲ್ಲಿ ಹಿಂದೆ ನಿಲ್ಲಿ. ಏನು ಕಾಣುತ್ತಿದೆ ಅಂತ ಅವಳೇ ಬಾಯಿಬಿಟ್ಟು ಹೇಳಲಿ. ‘ಬಲಗಡೆ ಬಿಳಿ ಕಾರು, ದೂರ ಇದೆ. ಎಡಗಡೆ ಸ್ಕೂಟರ್, ಹತ್ತಿರ ಬಂತು.’ ಯಾವಾಗ ದಾಟಬೇಕು ಅನ್ನೋದನ್ನೂ ಅವಳೇ ಹೇಳಲಿ, ತಪ್ಪಾದರೆ ಮಾತ್ರ ಭುಜ ಹಿಡಿಯಿರಿ. ಈ ವಯಸ್ಸಿನ ಮಕ್ಕಳಿಗೆ ದೂರ ತಿಳಿಯುತ್ತದೆ, ಬರುತ್ತಿರುವ ಗಾಡಿಯ ವೇಗ ಅಂದಾಜು ಮಾಡೋದು ಕಷ್ಟ. ಹಾಗಾಗಿ ವೇಗವಾಗಿ ಗಾಡಿ ಓಡುವ ರಸ್ತೆಯಾದರೆ ಇನ್ನೂ ಕೆಲವು ವರ್ಷ ಒಬ್ಬಳನ್ನೇ ಬಿಡಬೇಡಿ, ಹಂಪು ಅಥವಾ ಸಿಗ್ನಲ್ ಇರುವ ಜಾಗದಲ್ಲೇ ಅಭ್ಯಾಸ ಮಾಡಿಸಿ. ನಿಂತ ಕಾರುಗಳ ನಡುವಿನಿಂದ ದಾಟಬಾರದು ಅನ್ನೋದನ್ನು ಮೊದಲ ದಿನವೇ ಕಲಿಸಿ, ಓಡಿಸುವವರಿಗೆ ಅವಳ ತಲೆಯೇ ಕಾಣುವುದಿಲ್ಲ. ಎಷ್ಟೋ ಸಲ ಸರಿಯಾಗಿ ಹೇಳಿದ ಮೇಲೆ ನೀವು ಈ ಬದಿಯಲ್ಲೇ ನಿಂತು ಅವಳನ್ನು ಕಳಿಸಿ, ಆಮೇಲೆ ಗೇಟಿನಲ್ಲಿ ನಿಂತು ಕಳಿಸಿ. ಆಚೆ ಬದಿಯ ಮನೆಯವರೊಬ್ಬರ ಪರಿಚಯ ಅವಳಿಗಿರಲಿ, ಏನಾದರೂ ಆದರೆ ತಟ್ಟಬೇಕಾದ ಬಾಗಿಲು ಯಾವುದು ಅಂತ ಗೊತ್ತಿರಬೇಕು.

ನೀಲಿ ಛತ್ರಿ:

ನಾಳೆಯಿಂದಲೇ ಶುರು ಮಾಡುತ್ತೇನೆ. ಆಚೆ ಬದಿಯವರ ಹತ್ತಿರ ಇವತ್ತೇ ಹೋಗಿ ಮಾತಾಡಿಕೊಂಡು ಬರುತ್ತೇನೆ, ಇಷ್ಟು ವರ್ಷದಲ್ಲಿ ಅವರ ಹೆಸರೂ ಕೇಳಿಲ್ಲ.